ಮುಂಗಾರಿನ ಮರೆಯಲ್ಲಿ ಅರುಗಂ ಬೇ

ಅರುಗಂ ಬೇ ಶ್ರೀಲಂಕಾದ ಆಗ್ನೇಯ ಕರಾವಳಿಯ ಒಂದು ಪುಟ್ಟ ಕಡಲೂರು. ಅಂಪಾರೆ ಜಿಲ್ಲೆಯ ಪೊತ್ತುವಿಲ್ ಪಟ್ಟಣಕ್ಕೆ ಮೂರ್ನಾಲ್ಕು ಕಿಲೋಮೀಟರ್ ದಕ್ಷಿಣಕ್ಕೆ, ಕೊಲಂಬೊದಿಂದ ರಸ್ತೆಯಲ್ಲಿ ಸುಮಾರು 320 ಕಿಲೋಮೀಟರ್ ದೂರದಲ್ಲಿದೆ. ಅರ್ಧಚಂದ್ರಾಕಾರದ ಕೊಲ್ಲಿ, ಅದರ ದಕ್ಷಿಣ ತುದಿಯಲ್ಲಿ ಕಡಲಿಗೆ ಚಾಚಿದ ಕಲ್ಲಿನ ಭೂಶಿರ, ಬೆನ್ನಿಗೆ ಹಿನ್ನೀರು, ನಡುವೆ ದಡದುದ್ದಕ್ಕೂ ಸಾಗುವ ಒಂದೇ ಮುಖ್ಯರಸ್ತೆ. ಆ ರಸ್ತೆಯ ಎರಡೂ ಬದಿಗೆ ಅತಿಥಿಗೃಹ, ಸರ್ಫ್‌ಬೋರ್ಡ್ ಬಾಡಿಗೆಗೆ ಕೊಡುವ ಅಂಗಡಿ, ರೊಟ್ಟಿ ಅಂಗಡಿ, ಮಸೀದಿ, ಮೀನುಗಾರರ ಮನೆ ಎಲ್ಲವೂ ಒತ್ತಾಗಿ ನಿಂತಿವೆ. ಊರಿನ ಮೂಲ ಹೆಸರು ಉಲ್ಲೆ. ಹೊರಗಿನವರ ಬಾಯಲ್ಲಿ ಕೊಲ್ಲಿಯ ಹೆಸರೇ ಊರಿನ ಹೆಸರಾಗಿ ನಿಂತಿದೆ.

ಇಲ್ಲಿಗೆ ಹೋಗುವ ಕಾಲ ಏಪ್ರಿಲ್‌ನಿಂದ ಅಕ್ಟೋಬರ್. ಕನ್ನಡ ಕರಾವಳಿಯ ಓದುಗರಿಗೆ ಇದು ತಲೆಕೆಳಗಾದ ಲೆಕ್ಕ ಎನಿಸಬಹುದು. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಜೂನ್ ಹುಟ್ಟಿದರೆ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಬಂದರಿನಲ್ಲೇ ಲಂಗರು ಹಾಕಿರುತ್ತವೆ. ಅದೇ ನೈರುತ್ಯ ಮುಂಗಾರು ಶ್ರೀಲಂಕಾದ ಪಶ್ಚಿಮ ದಡಕ್ಕೂ ಎದುರಿನಿಂದ ಬಡಿಯುತ್ತದೆ. ಆದರೆ ದ್ವೀಪದ ನಡುವಿನ ಬೆಟ್ಟಸಾಲು ಮೋಡಗಳನ್ನು ತಡೆದು ಮಳೆಯನ್ನು ಪಶ್ಚಿಮದ ಇಳಿಜಾರಿನಲ್ಲೇ ಸುರಿಸಿಕೊಳ್ಳುತ್ತದೆ. ಬೆಟ್ಟ ದಾಟಿ ಪೂರ್ವಕ್ಕಿಳಿಯುವಾಗ ಗಾಳಿಯಲ್ಲಿ ತೇವ ಉಳಿದಿರುವುದಿಲ್ಲ. ಒಣಗಿ, ಬಿಸಿಯಾಗಿ ಬೀಸುವ ಈ ಗಾಳಿಗೆ ಪೂರ್ವ ಕರಾವಳಿಯ ತಮಿಳರು ಕಚ್ಚಾನ್ ಎನ್ನುತ್ತಾರೆ. ಅರುಗಂ ಬೇಯಲ್ಲಿ ಮಳೆಗಾಲವೆಂದರೆ ನವೆಂಬರ್‌ನಿಂದ ಜನವರಿ, ಈಶಾನ್ಯ ಮಾರುತದ ತಿಂಗಳುಗಳು. ಪಶ್ಚಿಮ ದಡದ ಕಡಲು ಮುಚ್ಚಿದಾಗ ಪೂರ್ವದ್ದು ತೆರೆಯುತ್ತದೆ, ಪೂರ್ವದ್ದು ಮುಚ್ಚಿದಾಗ ಪಶ್ಚಿಮದ್ದು. ಶ್ರೀಲಂಕಾದ ಮೀನುಗಾರರು ಈ ತಿರುವನ್ನು ಹಿಡಿದೇ ತಲೆಮಾರುಗಳಿಂದ ದಡ ಬದಲಿಸುತ್ತ ಬಂದಿದ್ದಾರೆ. ಸರ್ಫಿಂಗ್ ಮಾಡುವವರು ನಡೆಯುತ್ತಿರುವುದೂ ಅದೇ ದಾರಿಯಲ್ಲಿ.

ಗಾಳಿ ಒಂದು ಕಾರಣವಾದರೆ ಅಲೆ ಇನ್ನೊಂದು. ಅರುಗಂ ಬೇಯ ಅಲೆ ಹುಟ್ಟುವುದು ಹತ್ತಿರದ ಕಡಲಲ್ಲಲ್ಲ. ಮೇ, ಜೂನ್, ಜುಲೈ ದಕ್ಷಿಣ ಗೋಳಾರ್ಧಕ್ಕೆ ಚಳಿಗಾಲ. ಆಗ ಹಿಂದೂ ಮಹಾಸಾಗರದ ದಕ್ಷಿಣದ ಅಂಚಿನಲ್ಲಿ, 40 ಡಿಗ್ರಿ ಅಕ್ಷಾಂಶದ ಆಚೆ, ಒಂದರ ಹಿಂದೊಂದು ಬಿರುಗಾಳಿ ಏಳುತ್ತದೆ. ಅಲ್ಲಿ ಎದ್ದ ಅಲೆಗಳು ತಡೆಯಿಲ್ಲದ ಸಾಗರವನ್ನು ಐದಾರು ದಿನ ದಾಟಿ ಉತ್ತರಕ್ಕೆ ಬರುತ್ತವೆ. ಬರುಬರುತ್ತ ಪುಡಿ ಅಲೆಗಳು ಹಿಂದೆ ಬಿದ್ದು, ದೊಡ್ಡವು ಸಾಲುಗಟ್ಟಿ ಮುಂದಾಗುತ್ತವೆ. ಒಂದು ಅಲೆಗೂ ಮುಂದಿನದಕ್ಕೂ 14 ಸೆಕೆಂಡು ಅಂತರವಿದ್ದರೆ ಆಳ ಕಡಲಿನಲ್ಲಿ ಅವುಗಳ ನಡುವಿನ ದೂರ ಸುಮಾರು 300 ಮೀಟರ್. ಇಂಥ ಅಲೆ ನೂರೈವತ್ತು ಮೀಟರ್ ಆಳದಲ್ಲೇ ತಳದ ಸ್ಪರ್ಶ ಪಡೆದು ನಿಧಾನವಾಗತೊಡಗುತ್ತದೆ. ಶ್ರೀಲಂಕಾದ ದಕ್ಷಿಣದಲ್ಲಿ ಆಳವಿಲ್ಲದ ಕಡಲ ಪಟ್ಟಿ ಕಿರಿದು. ಹಾಗಾಗಿ ತಳಕ್ಕೆ ಉಜ್ಜಿ ಶಕ್ತಿ ಕಳೆದುಕೊಳ್ಳುವ ಮೊದಲೇ ಅಲೆ ದಡ ಮುಟ್ಟಿರುತ್ತದೆ.

ದಕ್ಷಿಣದಿಂದ ಬಂದ ಅಲೆಗೆ ಪೂರ್ವಕ್ಕೆ ಮುಖ ಮಾಡಿದ ದಡ ಎದುರಾಗುವುದು ಓರೆಯಾಗಿ. ಭೂಶಿರದ ಬಳಿ ನೀರು ಆಳವಿಲ್ಲದ ಕಾರಣ ಅಲೆಯ ಒಳತುದಿ ನಿಧಾನಿಸುತ್ತದೆ, ಹೊರತುದಿ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಅಲೆ ಕಲ್ಲನ್ನು ಬಳಸಿಕೊಂಡು ಕೊಲ್ಲಿಯೊಳಕ್ಕೆ ತಿರುಗುವುದು ಹೀಗೆ. ತಿರುಗುವಾಗ ಇಡೀ ಗೋಡೆ ಒಂದೇಟಿಗೆ ಕುಸಿಯುವುದಿಲ್ಲ. ಸೀರೆಯ ನೆರಿಗೆ ಒಂದೊಂದಾಗಿ ಬಿಚ್ಚಿಕೊಳ್ಳುವಂತೆ ದಕ್ಷಿಣದಿಂದ ಉತ್ತರಕ್ಕೆ ಒಡೆಯುತ್ತ ಹೋಗುತ್ತದೆ. ದಡಕ್ಕೆ ಮುಖ ಮಾಡಿ ಬೋರ್ಡ್ ಮೇಲೆ ನಿಂತವರಿಗೆ ಉತ್ತರ ಬಲಗೈಗೆ ಬೀಳುತ್ತದೆ. ಅರುಗಂ ಬೇಯ ಹೆಸರುವಾಸಿ ಅಲೆಗಳೆಲ್ಲ ಬಲಕ್ಕೆ ಓಡುವುದರ ಗುಟ್ಟು ಇಷ್ಟೇ. ಬೆಳಗಿನ ಹೊತ್ತು ದಡದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ಮುಖವನ್ನು ಹಿಂದಕ್ಕೆ ಒತ್ತಿ ಹಿಡಿದು ನುಣುಪಾಗಿಡುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ಅದೇ ಮುಖ ಒರಟಾಗುತ್ತದೆ. ಊರು ನಸುಕಿನಲ್ಲೇ ಎದ್ದು ಬೋರ್ಡ್ ಹೊತ್ತು ನಡೆಯುವುದಕ್ಕೂ ನಡುಮಧ್ಯಾಹ್ನ ಜೋಲಿಯಲ್ಲಿ ಮಲಗುವುದಕ್ಕೂ ಈ ಗಾಳಿಯೇ ಕಾರಣ. ಆ ಆರಾಮವನ್ನು ಸೋಮಾರಿತನ ಎಂದುಕೊಂಡರೆ ತಪ್ಪಾಗುತ್ತದೆ.

ಕೊಲ್ಲಿಯ ತುದಿಯ ಮೇನ್ ಪಾಯಿಂಟ್ ಊರಿನ ಮುಖ್ಯ ಅಲೆ. ಅಲೆ ಚೆನ್ನಾಗಿ ಬಂದ ದಿನ ಇಲ್ಲಿ ನೂರಾರು ಮೀಟರ್ ಉದ್ದದ ಸವಾರಿ ಸಿಗುತ್ತದೆ. ತಳದಲ್ಲಿ ಕಲ್ಲು, ಹವಳ ಮತ್ತು ಮುಳ್ಳುಮೈಯ ಸೀ ಅರ್ಚಿನ್‌ಗಳಿವೆ. ಅದಕ್ಕಿಂತ ಒಳಗೆ, ಮರಳಿನ ತಳದ ಮೇಲೆ ಒಡೆಯುವ ಸಣ್ಣ ಅಲೆ ಬೇಬಿ ಪಾಯಿಂಟ್. ಕಲಿಯುವವರು ಶುರು ಮಾಡುವುದು ಅಲ್ಲಿ. ಉತ್ತರಕ್ಕೆ ಪೊತ್ತುವಿಲ್ ಪಾಯಿಂಟ್, ವಿಸ್ಕಿ ಪಾಯಿಂಟ್, ಇನ್ನೂ ಮೇಲೆ ಲೈಟ್‌ಹೌಸ್. ದಕ್ಷಿಣಕ್ಕೆ ಕ್ರೊಕೊಡೈಲ್ ರಾಕ್, ಎಲಿಫೆಂಟ್ ರಾಕ್, ಪೀನಟ್ ಫಾರ್ಮ್. ತೀರ ದಕ್ಷಿಣದಲ್ಲಿ ಕಾಡಿನ ಅಂಚಿಗೆ ಒಕಂಡ. ಇವುಗಳಲ್ಲಿ ವಿಸ್ಕಿ ಪಾಯಿಂಟ್ ಮತ್ತು ಪೀನಟ್ ಫಾರ್ಮ್ ಹೊಸಬರಿಗೆ ಕನಿಕರ ತೋರಿಸುವ ಅಲೆಗಳು. ಕಡಲ ನೀರು ವರ್ಷವಿಡೀ 27ರಿಂದ 29 ಡಿಗ್ರಿ ಬೆಚ್ಚಗಿರುವುದರಿಂದ ರಬ್ಬರಿನ ವೆಟ್‌ಸೂಟ್ ಬೇಡ. ಬಿಸಿಲಿಗೆ ಒಂದು ಮೈಗಂಟುವ ಅಂಗಿ ಸಾಕು. ತಣ್ಣೀರಿನ ದೇಶಗಳಲ್ಲಿ ಸರ್ಫಿಂಗ್ ದುಬಾರಿಯಾಗುವ ಒಂದು ದೊಡ್ಡ ಬಾಬ್ತು ಇಲ್ಲಿ ಮೊದಲೇ ಉಳಿಯಿತು.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಅರುಗಂ ಬೇ ಬಸ್ಸಿನಲ್ಲಿ ಎಂಟರಿಂದ ಹತ್ತು ಗಂಟೆಯ ಹಾದಿ. ರತ್ನಪುರ, ವೆಲ್ಲವಾಯ, ಮೊನರಾಗಲ, ಸಿಯಂಬಲಾಂಡುವ ಮೂಲಕ ಸಾಗುವ ಎ4 ಹೆದ್ದಾರಿ ಪೊತ್ತುವಿಲ್‌ಗೆ ಬಂದು, ಮುಂದೆ ಬಟ್ಟಿಕಲೋವಾ ಕಡೆಗೆ ತಿರುಗುತ್ತದೆ. ಕೆಂಪು ಬಣ್ಣದ್ದು ಸರ್ಕಾರಿ ಬಸ್, ಉಳಿದ ಬಣ್ಣದವು ಖಾಸಗಿ. ಎರಡರಲ್ಲೂ ಟಿಕೆಟ್ ಅಗ್ಗ, ಎರಡರಲ್ಲೂ ಸೀಟಿಗೆ ನೂಕುನುಗ್ಗಲು. ಸಮಯ ಇದ್ದವರು ಕೊಲಂಬೊದಿಂದ ಬದುಳ್ಳ ರೈಲು ಹಿಡಿದು ಚಹಾತೋಟಗಳ ನಡುವಿನ ಎಲ್ಲ ಎಂಬ ಬೆಟ್ಟದೂರಿನಲ್ಲಿ ಇಳಿದು, ಅಲ್ಲಿಂದ ವೆಲ್ಲವಾಯ ಅಥವಾ ಮೊನರಾಗಲದಲ್ಲಿ ಬಸ್ ಬದಲಿಸುತ್ತಾರೆ. ಇನ್ನೊಂದು ಹಾದಿ ಪೂರ್ವದಿಂದ: ಕೊಲಂಬೊದಿಂದ ರೈಲಿನಲ್ಲಿ ಬಟ್ಟಿಕಲೋವಾ, ಅಲ್ಲಿಂದ ಅಕ್ಕರೈಪಟ್ಟು ಮಾರ್ಗವಾಗಿ ಕರಾವಳಿಯಗುಂಟ ಬಸ್. 2023ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು ಶುರುವಾಗಿ, ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಹೊರಟಿತು. ವಿಮಾನ ಹತ್ತದೆ ದ್ವೀಪ ಮುಟ್ಟಿ, ಉತ್ತರದಿಂದ ದಕ್ಷಿಣಕ್ಕೆ ಇಡೀ ಪೂರ್ವ ಕರಾವಳಿಯನ್ನು ಬಸ್ಸಿನಲ್ಲೇ ಇಳಿದು ಬರಲು ಇದರಿಂದ ಅನುಕೂಲವಾಗಿದೆ.

ಪೊತ್ತುವಿಲ್ ಬಸ್ ನಿಲ್ದಾಣದಿಂದ ಉಲ್ಲೆಗೆ ಉಳಿದ ಮೂರ್ನಾಲ್ಕು ಕಿಲೋಮೀಟರ್ ಟುಕ್‌ಟುಕ್‌ನಲ್ಲಿ. ಹತ್ತುವ ಮೊದಲೇ ದರ ಮಾತಾಡಿಕೊಳ್ಳುವುದು ರೂಢಿ. ಪೊತ್ತುವಿಲ್‌ನ ಮುಸ್ಲಿಮರ ಮನೆಮಾತು ತಮಿಳು. ಬೆಂಗಳೂರಿನ ಬೀದಿಯಲ್ಲಿ ಕಲಿತ ತಮಿಳಾದರೂ ಸರಿ, ನಾಲ್ಕು ಮಾತು ಬಂದರೆ ಚೌಕಾಸಿ ನಗುವಿನಲ್ಲೇ ಮುಗಿಯುತ್ತದೆ. ಭಾರತದ ಒಂದು ರೂಪಾಯಿಗೆ ಶ್ರೀಲಂಕಾದ ಮೂರರಿಂದ ಮೂರೂವರೆ ರೂಪಾಯಿ ಸಿಗುತ್ತದೆ. ಬೆಲೆಪಟ್ಟಿಯ ಸಾವಿರದ ಅಂಕಿಗಳನ್ನು ಕಂಡು ಗಾಬರಿಯಾಗುವವರು ಈ ಭಾಗಾಕಾರವನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಉಳಿದುಕೊಳ್ಳಲು ದೊಡ್ಡ ಹೋಟೆಲುಗಳು ಇಲ್ಲಿ ಕಡಿಮೆ. ಹೆಚ್ಚಿನವು ಒಂದೊಂದು ಕುಟುಂಬ ನಡೆಸುವ ಅತಿಥಿಗೃಹ ಮತ್ತು ಕಬಾನಾಗಳು. ಕಬಾನಾ ಎಂದರೆ ಹಲಗೆ ಗೋಡೆ, ತೆಂಗಿನ ಗರಿಯ ಮಾಡು, ಮುಂದೊಂದು ಜಗಲಿ, ಸೊಳ್ಳೆಪರದೆ ಮತ್ತು ಫ್ಯಾನ್. ಖರ್ಚು ಹಿಡಿದು ನಡೆಯುವವರಿಗೆ ಲೆಕ್ಕ ಸುಲಭ: ಕಡಲಿಗೆ ಅಂಟಿಕೊಂಡ ಕೋಣೆ ದುಬಾರಿ, ರಸ್ತೆ ದಾಟಿ ಒಳಗಿನ ಓಣಿಗೆ ಹೋದಂತೆ ದರ ಇಳಿಯುತ್ತದೆ. ಎ.ಸಿ. ಬೇಡ ಎಂದರೆ ಮತ್ತಷ್ಟು ಇಳಿಯುತ್ತದೆ. ಕಚ್ಚಾನ್ ಬೀಸುವ ರಾತ್ರಿಗಳಲ್ಲಿ ಫ್ಯಾನ್ ಸಾಲದೆನಿಸಬಹುದು. ಆದರೆ ಕಡಲಿಗೆ ಕಿಟಕಿ ತೆರೆದ ಕೋಣೆಗೆ ಅದು ಸಾಕು. ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಬಂದು ವಾರಗಟ್ಟಲೆ ಉಳಿಯುವವರಿಗೆ ಮನೆಯವರು ತಾವಾಗಿಯೇ ದರ ಇಳಿಸುತ್ತಾರೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಯುರೋಪಿನ ರಜೆ, ಅಲೆಯ ಭರ, ಎರಡೂ ಕೂಡುವುದರಿಂದ ಆ ಎರಡು ತಿಂಗಳು ಕೋಣೆಯೂ ದುಬಾರಿ, ಅಲೆಯ ಮೇಲೂ ಜನಜಂಗುಳಿ.

ಊಟದ ವಿಷಯದಲ್ಲಿ ಉಲ್ಲೆಯ ಮುಖ್ಯರಸ್ತೆಗೆ ಎರಡು ಮುಖ. ಕಡಲ ಕಡೆಯ ಕೆಫೆಗಳಲ್ಲಿ ಹಣ್ಣಿನ ಬಟ್ಟಲು, ಕಾಫಿ, ಪಿಜ್ಜಾ. ಅಲ್ಲಿನ ಒಂದು ತಿಂಡಿಯ ದುಡ್ಡಿಗೆ ಊರಿನವರು ಉಣ್ಣುವ ಅಂಗಡಿಯಲ್ಲಿ ಇಡೀ ದಿನ ಹೊಟ್ಟೆ ತುಂಬುತ್ತದೆ. ಬೆಳಗ್ಗೆ ಇಂಡಿಯಾಪ್ಪ, ಅಂದರೆ ನಮ್ಮ ಒತ್ತುಶ್ಯಾವಿಗೆಯೇ. ಜೊತೆಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಸಿಪ್ಪೆ ತೆಗೆದ ಕೆಂಪು ಬೇಳೆಯ ಪರಿಪ್ಪು ಮತ್ತು ಪೊಲ್ ಸಂಬೋಲ. ತೆಂಗಿನ ತುರಿ, ಒಣಮೆಣಸು, ಈರುಳ್ಳಿ, ಲಿಂಬೆಹುಳಿ ಸೇರಿಸಿ ಅರೆದ ಈ ಸಂಬೋಲಕ್ಕೆ ಮಾಲ್ಡೀವ್ಸ್ ಒಣಮೀನಿನ ಪುಡಿ ಹಾಕುವ ವಾಡಿಕೆಯಿದೆ. ಸಸ್ಯಾಹಾರಿಗಳು ಕೇಳಿಯೇ ಬಡಿಸಿಕೊಳ್ಳಬೇಕು. ಮಧ್ಯಾಹ್ನ ಅನ್ನ ಮತ್ತು ನಾಲ್ಕೈದು ಬಗೆಯ ಪಲ್ಯ ಸಾರು. ಮುಂಜಾನೆ ಅಲೆಗೆ ಹೋಗಿ ಹಸಿದು ಬಂದವರಿಗೆ ಇದಕ್ಕಿಂತ ಯೋಗ್ಯ ಊಟ ಇಲ್ಲ.

ಸಂಜೆಗೆ ಕೊತ್ತು. ಮೈದಾಹಿಟ್ಟಿನ ಗೋದಂಬ ರೊಟ್ಟಿಯನ್ನು ಕಾದ ಕಬ್ಬಿಣದ ಹಂಚಿನ ಮೇಲೆ ಹರವಿ, ತರಕಾರಿ, ಮೊಟ್ಟೆ ಅಥವಾ ಕೋಳಿ ಸೇರಿಸಿ, ಎರಡೂ ಕೈಯಲ್ಲಿ ಹಿಡಿದ ಅಗಲ ತಗಡಿನ ಅಲಗುಗಳಿಂದ ಟಕಟಕನೆ ಕತ್ತರಿಸಿ ಬೆರೆಸುತ್ತಾರೆ. ಪ್ರತಿ ಅಡುಗೆಯವನ ಬಡಿತಕ್ಕೂ ಅವನದೇ ಲಯವಿದೆ. ಕತ್ತಲಾದ ಮೇಲೆ ಯಾವ ಅಂಗಡಿಯಲ್ಲಿ ಒಲೆ ಹೊತ್ತಿದೆ ಎಂದು ಇಡೀ ಬೀದಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಕೊನೆಗೆ ಮಣ್ಣಿನ ಕುಡಿಕೆಯ ಎಮ್ಮೆ ಮೊಸರು, ಮೇಲೆ ಕಿತುಲ್ ಮರದ ಪಾನಕದಂಥ ದ್ರವಬೆಲ್ಲ. ಕಿತುಲ್ ಬೇರೆಯಲ್ಲ, ಮಲೆನಾಡಿನ ಬೈನೆ ಮರ. ನಾವು ಆನೆಗೆ ಸೊಪ್ಪು ಹಾಕಿ, ಕಳ್ಳು ಇಳಿಸಿ ಸುಮ್ಮನಾದ ಮರದಿಂದ ಸಿಂಹಳೀಯರು ಇಂಥದೊಂದು ಸಿಹಿ ತೆಗೆದಿದ್ದಾರೆ. ಪ್ರತಿ ಹುಣ್ಣಿಮೆ ಶ್ರೀಲಂಕಾದಲ್ಲಿ ಪೋಯ ರಜೆ. ಅಂದು ಮದ್ಯ ಮಾರುವಂತಿಲ್ಲ, ಬ್ಯಾಂಕು ತೆರೆಯುವುದಿಲ್ಲ. ಪ್ರಯಾಣದ ದಿನ ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಿಕೊಳ್ಳಬೇಕು.

ಇನ್ನು ಬಂದ ಕೆಲಸ. ಹೊಸಬರಿಗೆ ಕೊಡುವುದು ಎಂಟು ಒಂಬತ್ತು ಅಡಿ ಉದ್ದದ, ಮೇಲ್ಮೈ ಮೆದುವಾದ ಫೋಮ್ ಬೋರ್ಡ್. ಉದ್ದ, ಅಗಲ, ದಪ್ಪ ಹೆಚ್ಚಿದಷ್ಟೂ ಅದು ನೀರಿನ ಮೇಲೆ ಸ್ಥಿರ. ಊರಿನ ಹುಡುಗರ ಕೈಯಲ್ಲಿರುವ ಚೂಪು ಮೂತಿಯ ಚಿಕ್ಕ ಬೋರ್ಡಿನ ಮೇಲೆ ಆಸೆ ಪಟ್ಟು ಬಾಡಿಗೆಗೆ ತಂದವರು ಮೂರು ದಿನ ನೀರು ಕುಡಿದು ವಾಪಸ್ ಕೊಡುತ್ತಾರೆ. ಬೋರ್ಡಿನ ಹಿಂತುದಿಯಿಂದ ಕಾಲಿಗೆ ಕಟ್ಟುವ ಬಳ್ಳಿಗೆ ಲೀಶ್ ಎನ್ನುತ್ತಾರೆ. ಬಿದ್ದಾಗ ಬೋರ್ಡ್ ಕೈತಪ್ಪಿ ಇನ್ನೊಬ್ಬರಿಗೆ ಬಡಿಯದಂತೆ ಕಾಯುವುದು ಅದು. ಮೊದಲ ಪಾಠ ಮರಳ ಮೇಲೆ: ಹೊಟ್ಟೆಯ ಮೇಲೆ ಮಲಗಿ, ಎದೆಯ ಪಕ್ಕ ಅಂಗೈ ಊರಿ, ಒಂದೇ ಎತ್ತಿಗೆ ಎರಡೂ ಪಾದವನ್ನು ಕೆಳಗೆ ತರುವುದು. ಮೊಣಕಾಲೂರಿ ಏಳುವ ಅಭ್ಯಾಸ ಹತ್ತಿದರೆ ಬಿಡಿಸುವುದು ಕಷ್ಟ ಎಂದು ಕಲಿಸುವವರು ಮೊದಲೇ ಗದರಿಸುತ್ತಾರೆ. ನೀರಿನಲ್ಲಿ ಶುರುವಾಗುವುದು ಒಡೆದ ಅಲೆಯ ನೊರೆಯಲ್ಲಿ. ಒಡೆಯದ ಅಲೆ ಹಿಡಿಯಬೇಕಾದರೆ ಅದು ಬಂದು ಎತ್ತುವ ಮುಂಚೆಯೇ ಕೈಬೀಸಿ ಅದರ ವೇಗಕ್ಕೆ ಹತ್ತಿರವಾಗಿರಬೇಕು. ಕಾಲು ಎಲ್ಲಿಡಬೇಕು ಎಂಬುದಕ್ಕಿಂತ ಕಣ್ಣು ಎಲ್ಲಿರಬೇಕು ಎಂಬುದೇ ಮುಖ್ಯ. ಕಾಲ ಬೆರಳು ನೋಡುತ್ತ ನಿಂತವರು ಬೀಳುವುದು ಖಂಡಿತ, ದಡ ನೋಡಿದವರು ಉಳಿಯುತ್ತಾರೆ.

ಬೋರ್ಡನ್ನು ಗಂಟೆಗಿಂತ ದಿನದ, ದಿನಕ್ಕಿಂತ ವಾರದ ಲೆಕ್ಕದಲ್ಲಿ ತೆಗೆದುಕೊಂಡರೆ ಗಣನೀಯವಾಗಿ ಹಣ ಉಳಿಯುತ್ತದೆ. ಕಲಿಸುವವರಿಗೆ ಮಾತ್ರ ಜಿಪುಣತನ ಮಾಡಬಾರದು. ಮೊದಲ ಎರಡು ಮೂರು ಪಾಠಕ್ಕೆ ಕೊಟ್ಟ ಹಣ ಮುಂದಿನ ವಾರವಿಡೀ ಫಲ ಕೊಡುತ್ತದೆ. ದೂರದ ಪಾಯಿಂಟುಗಳಿಗೆ ಟುಕ್‌ಟುಕ್ ಬಾಡಿಗೆಯೇ ದೊಡ್ಡ ಖರ್ಚು. ನಸುಕಿನಲ್ಲಿ ಹೊರಡುವ ಇನ್ನಿಬ್ಬರನ್ನು ಹಿಂದಿನ ಸಂಜೆಯೇ ಗೊತ್ತು ಮಾಡಿಕೊಂಡರೆ ಅದು ಮೂರು ಪಾಲಾಗುತ್ತದೆ. ಟುಕ್‌ಟುಕ್‌ಗಳ ತಲೆಯ ಮೇಲೆ ಬೋರ್ಡ್ ಕಟ್ಟಲು ಕಂಬಿ ಹಾಕಿಸಿರುತ್ತಾರೆ. ಚಾಲಕ ಅಲ್ಲೇ ಕಾದಿದ್ದು ವಾಪಸ್ ಕರೆತರುತ್ತಾನೆ.

ನೀರಿನಲ್ಲಿ ಬರೆಯದ ಕಟ್ಟಳೆಗಳಿವೆ. ಅಲೆ ಒಡೆಯುತ್ತಿರುವ ಜಾಗಕ್ಕೆ ಅತಿ ಹತ್ತಿರ ಇದ್ದವರದು ಆ ಅಲೆ. ಒಬ್ಬರು ಸವಾರಿಯಲ್ಲಿರುವಾಗ ಅವರ ಮುಂದೆ ಇನ್ನೊಬ್ಬರು ನುಗ್ಗುವುದನ್ನು ಡ್ರಾಪ್ ಇನ್ ಎನ್ನುತ್ತಾರೆ. ಅದು ಅಸಭ್ಯತೆಯೂ ಹೌದು, ಅಪಾಯವೂ ಹೌದು. ಹೊರಕ್ಕೆ ಹೋಗುವವರು ಸವಾರರ ದಾರಿ ತಪ್ಪಿಸಿ ಬಳಸಿಕೊಂಡು ಹೋಗಬೇಕು, ಬೋರ್ಡನ್ನು ಎಂದೂ ಕೈಬಿಡಬಾರದು. ಮೇನ್ ಪಾಯಿಂಟ್‌ನ ಕಲ್ಲಿನ ತಳ ಗೊತ್ತಿಲ್ಲದವರು ಅಲ್ಲಿ ಇಳಿದರೆ ಪಾದ ಕೊಯ್ದುಕೊಳ್ಳುವುದು ನಿಶ್ಚಿತ, ಬೆಚ್ಚಗಿನ ನೀರಿನಲ್ಲಿ ಹವಳದ ಗಾಯ ಬೇಗ ಕೀವಾಗುತ್ತದೆ. ಹಿನ್ನೀರುಗಳಲ್ಲಿ ಮೊಸಳೆಗಳಿವೆ ಎಂಬುದು ಪ್ರವಾಸಿಗರನ್ನು ಹೆದರಿಸಲು ಹೇಳುವ ಮಾತಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಎಲಿಫೆಂಟ್ ರಾಕ್ ಬಳಿಯ ಹಿನ್ನೀರಿನಲ್ಲಿ ಬ್ರಿಟನ್ನಿನ ಯುವ ಪತ್ರಕರ್ತರೊಬ್ಬರು ಮೊಸಳೆಗೆ ಬಲಿಯಾದರು. ಕಡಲಿನಲ್ಲಿ ಆಡಿ ಬಂದು ಉಪ್ಪು ತೊಳೆಯಲು ಹಿನ್ನೀರಿಗೆ ಕೈಕಾಲು ಇಳಿಸಬಾರದು.

ಹೊರದೇಶದ ಸರ್ಫರ್‌ಗಳು ಅರುಗಂ ಬೇಗೆ ಬರತೊಡಗಿದ್ದು 1970ರ ದಶಕದಲ್ಲಿ. ಆಗ ಇಲ್ಲಿದ್ದದ್ದು ಮೀನುಗಾರರ ಗುಡಿಸಲು ಮತ್ತು ಕಡಲು. ಬಂದವರಿಗೆ ಮನೆಯ ಒಂದು ಕೋಣೆ ಬಿಟ್ಟುಕೊಟ್ಟು, ತಾವು ಉಣ್ಣುವುದನ್ನೇ ಬಡಿಸಿದ ಕುಟುಂಬಗಳಿಂದ ಊರಿನ ಪ್ರವಾಸೋದ್ಯಮ ಶುರುವಾಯಿತು. 1983ರ ನಂತರ ಅಂತರ್ಯುದ್ಧ. ಪೂರ್ವ ಪ್ರಾಂತ್ಯ ಅದರ ಒಡಲಲ್ಲೇ ಇತ್ತು. ದಾರಿಯುದ್ದಕ್ಕೂ ತಪಾಸಣೆ, ಪೊಲೀಸ್ ವಿಶೇಷ ಪಡೆಯ ಶಿಬಿರ. ಅಲೆಗಾಗಿ ಅದನ್ನೆಲ್ಲ ದಾಟಿ ಬಂದವರು ಕೆಲವೇ ಮಂದಿ. ದ್ವೀಪದ ದಕ್ಷಿಣ ಮತ್ತು ಪಶ್ಚಿಮ ದಡದಲ್ಲಿ ದೊಡ್ಡ ಹೋಟೆಲುಗಳು ಎದ್ದ ಕಾಲದಲ್ಲಿ ಇಲ್ಲಿ ಏಳದೇ ಹೋದದ್ದಕ್ಕೆ ಯುದ್ಧವೂ ಒಂದು ಕಾರಣ. ಆ ಕಾರಣಕ್ಕೆ ಜನ ತೆತ್ತ ಬೆಲೆ ನೆನೆದರೆ, ಊರು ಹಾಳಾಗದೆ ಉಳಿಯಿತು ಎಂದು ಪ್ರವಾಸಿಗರು ಸುಲಭವಾಗಿ ಹೇಳುವ ಮಾತು ಗಂಟಲಲ್ಲಿ ನಿಲ್ಲುತ್ತದೆ.

2004ರ ಡಿಸೆಂಬರ್ 26 ಭಾನುವಾರ, ಹುಣ್ಣಿಮೆ. ಸುಮಾತ್ರಾದ ಬಳಿ ಕಡಲತಳ ಬಿರಿದು ಎದ್ದ ಸುನಾಮಿ ಬೆಳಗಿನ ಒಂಬತ್ತರ ಸುಮಾರಿಗೆ ಪೂರ್ವ ಕರಾವಳಿಗೆ ಅಪ್ಪಳಿಸಿತು. ಶ್ರೀಲಂಕಾದಲ್ಲಿ ಸತ್ತವರು 30 ಸಾವಿರಕ್ಕೂ ಹೆಚ್ಚು. ಜಿಲ್ಲೆಗಳ ಪೈಕಿ ಅತಿ ಹೆಚ್ಚು ಸಾವು ಅಂಪಾರೆಯಲ್ಲಿ, 10 ಸಾವಿರ ಮೀರಿ. ಹಿನ್ನೀರಿಗೂ ಕಡಲಿಗೂ ನಡುವಿನ ಮರಳಪಟ್ಟಿಯಲ್ಲಿದ್ದ ಉಲ್ಲೆಗೆ ಓಡಲು ಎತ್ತರದ ಜಾಗವೇ ಇರಲಿಲ್ಲ. ಪೊತ್ತುವಿಲ್‌ಗೆ ಜೋಡಿಸುವ ಸೇತುವೆಯೂ ಜಖಂಗೊಂಡಿತು. ಅಮೆರಿಕದ ನೆರವಿನಲ್ಲಿ ಕಟ್ಟಿದ ಹೊಸ ಸೇತುವೆ 2008ರಲ್ಲಿ ತೆರೆಯಿತು.

ಆಮೇಲೆ ಬಂದದ್ದು ಇನ್ನೊಂದು ಬಗೆಯ ಸಂಕಟ. ಸರ್ಕಾರ ಕಡಲಂಚಿನಲ್ಲಿ ಮನೆ ಕಟ್ಟುವುದನ್ನು ನಿಷೇಧಿಸುವ ವಲಯ ಸಾರಿತು: ದಕ್ಷಿಣ ಮತ್ತು ಪಶ್ಚಿಮದಲ್ಲಿ 100 ಮೀಟರ್, ಉತ್ತರ ಮತ್ತು ಪೂರ್ವದಲ್ಲಿ 200 ಮೀಟರ್. ಕಡಲಿನಿಂದ 200 ಮೀಟರ್ ಅಳೆದರೆ ಉಲ್ಲೆಯಂಥ ಊರಿನಲ್ಲಿ ಉಳಿಯುವುದೇನು? ಇದರ ಜೊತೆಗೇ ಅರುಗಂ ಬೇಯನ್ನು ದುಬಾರಿ ಪ್ರವಾಸಿ ತಾಣವಾಗಿ ಬೆಳೆಸುವ ಯೋಜನೆಯೊಂದು ಹೊರಬಂತು. ಮೀನುಗಾರರಿಗೆ ದಡ ಅಪಾಯಕಾರಿ, ಹೋಟೆಲುಗಳಿಗೆ ಮಾತ್ರ ಅಲ್ಲ ಎಂಬುದು ಯಾವ ನ್ಯಾಯ ಎಂದು ಜನ ಬೀದಿಗಿಳಿದರು. ಕೆನಡಾದ ಲೇಖಕಿ ನವೋಮಿ ಕ್ಲೈನ್ 2007ರ ತಮ್ಮ ‘ದ ಶಾಕ್ ಡಾಕ್ಟ್ರಿನ್’ ಪುಸ್ತಕದ ಒಂದು ಅಧ್ಯಾಯದಲ್ಲಿ ಈ ಊರಿನ ಕತೆ ಹೇಳಿದರು. ನಿಷೇಧ ಕ್ರಮೇಣ ಸಡಿಲವಾಯಿತು, ಕುಟುಂಬಗಳು ತಮ್ಮ ತಮ್ಮ ನೆಲದಲ್ಲಿ ಮತ್ತೆ ಕಟ್ಟಿಕೊಂಡವು. ಇಂದು ಅಗ್ಗದ ಕೋಣೆಯೆಂದು ಪ್ರಯಾಣಿಕರು ಬಾಡಿಗೆ ಕೊಡುವ ಎಷ್ಟೋ ಕಬಾನಾಗಳು ನಿಂತಿರುವುದು ಹೀಗೆ ಬಿಟ್ಟುಕೊಡದೆ ಉಳಿಸಿಕೊಂಡ ನೆಲದಲ್ಲಿ. ಚಿಕ್ಕ ಖರ್ಚಿನ ಪ್ರಯಾಣಿಕರಿಗೂ ಈ ಊರಿಗೂ ಹೊಂದಿಕೆಯಾಗುವುದು ಇದೇ ಕಾರಣಕ್ಕೆ. ಅವರು ಕೊಡುವ ಹಣ ನೇರವಾಗಿ ಒಂದು ಮನೆಗೆ ಸೇರುತ್ತದೆ, ಹಾಗೆ ನೂರಾರು ಮನೆ ನಡೆಯುತ್ತಿರುವವರೆಗೆ ದಡವನ್ನು ಒಟ್ಟಾಗಿ ಕೊಳ್ಳಲು ಬರುವವರಿಗೆ ಸುಲಭದ ದಾರಿ ಸಿಗುವುದಿಲ್ಲ. ಎಲ್ಲ ಕಡೆಯೂ ಹೀಗೇ ಆಗಲಿಲ್ಲ. 12 ಕಿಲೋಮೀಟರ್ ದಕ್ಷಿಣದ ಪಾನಮದಲ್ಲಿ 2010ರಲ್ಲಿ ರೈತ ಕುಟುಂಬಗಳನ್ನು ಕಡಲಂಚಿನ ಜಮೀನಿನಿಂದ ಒಕ್ಕಲೆಬ್ಬಿಸಲಾಯಿತು. ನೆಲ ವಾಪಸ್ ಪಡೆಯಲು ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು.

2009ರ ಮೇ ತಿಂಗಳಲ್ಲಿ ಯುದ್ಧ ಮುಗಿದ ಮೇಲೆ ಪ್ರವಾಸಿಗರು ಹೆಚ್ಚಿದರು. ಪೆಟ್ಟುಗಳು ನಿಲ್ಲಲಿಲ್ಲ. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರದ ಬಾಂಬ್ ದಾಳಿಗಳು ಋತು ಆರಂಭವಾಗುವ ಹೊತ್ತಿಗೇ ನಡೆದವು. ಮರುವರ್ಷ ಕೊರೊನಾ, 2022ರಲ್ಲಿ ದೇಶ ದಿವಾಳಿಯಾಗಿ ಪೆಟ್ರೋಲಿಗೂ ಅಡುಗೆ ಅನಿಲಕ್ಕೂ ಸಾಲು. ಆರು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಬದುಕುವ ಊರಿಗೆ ಒಂದು ಋತು ತಪ್ಪಿದರೆ ಒಂದು ವರ್ಷವೇ ಹೋದಂತೆ. ಇಸ್ರೇಲಿ ಪ್ರವಾಸಿಗರು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಅವರು ಗುರಿಯಾಗಬಹುದೆಂಬ ಆತಂಕದ ನಡುವೆ, 2024ರ ಅಕ್ಟೋಬರ್ 23ರಂದು ಕೊಲಂಬೊದ ಅಮೆರಿಕ ರಾಯಭಾರ ಕಚೇರಿ, ಅರುಗಂ ಬೇಯ ಪ್ರವಾಸಿ ಸ್ಥಳಗಳ ಮೇಲೆ ದಾಳಿ ನಡೆಯಬಹುದೆಂದು ಎಚ್ಚರಿಸಿತು. ದಾಳಿ ಆಗಲಿಲ್ಲ, ಆದರೆ ಪೊಲೀಸ್ ಪಹರೆ ಬಿಗಿಯಾಯಿತು.

ಈ ನಡುವೆ ಊರಿನೊಳಗೆ ಆದ ಬದಲಾವಣೆಗಳಲ್ಲಿ ಮನಸ್ಸಿಗೆ ಹಿತವೆನಿಸುವ ಒಂದು, ಹೆಂಗಸರು ಅಲೆಗೆ ಇಳಿದದ್ದು. ಅಣ್ಣತಮ್ಮಂದಿರು ಹಗಲೆಲ್ಲ ಸರ್ಫಿಂಗ್ ಮಾಡುವ ಊರಿನಲ್ಲಿ ಹೆಣ್ಣುಮಕ್ಕಳು ಕಡಲಿಗೆ ಹೋಗುವುದಕ್ಕೇ ಆಕ್ಷೇಪವಿತ್ತು. ಮೈ ಕಪ್ಪಾಗುತ್ತದೆ, ಮನೆಗೆಲಸ ಯಾರು ಮಾಡಬೇಕು, ನೋಡಿದವರು ಏನೆಂದಾರು ಎಂಬ ಅದೇ ಹಳೆಯ ಮಾತುಗಳು. 2018ರಲ್ಲಿ ಅರುಗಂ ಬೇ ಗರ್ಲ್ಸ್ ಸರ್ಫ್ ಕ್ಲಬ್ ಹುಟ್ಟಿತು. ಮಹಿಳೆಯರದೇ ಆದ ಶ್ರೀಲಂಕಾದ ಮೊದಲ ಸರ್ಫ್ ಕ್ಲಬ್ ಇದು. ಮದುವೆಯಾದವರು, ಮಕ್ಕಳ ತಾಯಂದಿರು ಕೂಡ ಅದರಲ್ಲಿದ್ದಾರೆ. ಕರ್ನಾಟಕದ ಕರಾವಳಿಯಲ್ಲಿ ಸರ್ಫಿಂಗ್ ಬೇರೂರಿದ್ದು ಸುಮಾರು ಕಳೆದ ಎರಡು ದಶಕಗಳಲ್ಲಿ. ಮೂಲ್ಕಿಯ ಆಶ್ರಮವೊಂದರಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಸಸಿಹಿತ್ಲು ಕಡಲತೀರ ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೆಸರಾಯಿತು. ಆ ಸ್ಪರ್ಧೆಗಳು ನಡೆಯುವುದು ಮುಂಗಾರು ದಡ ಮುಟ್ಟುವ ಹೊಸ್ತಿಲಲ್ಲಿ. ಅದು ಮುಟ್ಟಿದ ಮೇಲೆ ಮೂಲ್ಕಿಯ ಕಡಲು ಕೆಂಪಾಗಿ ಕಲಕುವಾಗ ಅರುಗಂ ಬೇ ತಿಳಿಯಾಗಿರುತ್ತದೆ.

ಅಲೆಯಿಲ್ಲದ ದಿನ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಸುತ್ತಮುತ್ತ ಬೇಕಾದಷ್ಟಿದೆ. ಪೊತ್ತುವಿಲ್‌ನ ಕಡಲಂಚಿನಲ್ಲಿ ಮುಹುದು ಮಹಾ ವಿಹಾರದ ಅವಶೇಷಗಳು ಮರಳಲ್ಲಿ ಅರ್ಧ ಹೂತಿವೆ. ಕಡಲ ಕೋಪ ತಣಿಸಲು ತಂದೆ ಕೆಲಣಿಯ ರಾಜ ದೋಣಿಯಲ್ಲಿ ತೇಲಿಬಿಟ್ಟ ರಾಜಕುಮಾರಿ ವಿಹಾರಮಹಾದೇವಿ ದಡ ಸೇರಿದ್ದು ಇಲ್ಲೇ ಎಂದು ಇಲ್ಲಿನವರು ನಂಬುತ್ತಾರೆ, ದಕ್ಷಿಣದ ಕಿರಿಂದದವರು ತಮ್ಮಲ್ಲಿ ಎನ್ನುತ್ತಾರೆ. ದುಟುಗೆಮುನು ಅರಸನ ತಾಯಿ ಈಕೆ. ವಿಹಾರದ ಎಲ್ಲೆಯ ಬಗ್ಗೆ ಭಿಕ್ಷುಗಳಿಗೂ ಸುತ್ತಲಿನ ಮುಸ್ಲಿಂ ಕುಟುಂಬಗಳಿಗೂ ತಕರಾರಿದೆ. ಅಲ್ಲಿಗೆ ಹೋದವರು ಆ ಮಾತಿಗೆ ಬಾಯಿ ಹಾಕದಿರುವುದು ಮೇಲು. ಪೊತ್ತುವಿಲ್ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಮೀನುಗಾರರೇ ಹುಟ್ಟು ಹಾಕಿ ತೆಪ್ಪದಲ್ಲಿ ಸುತ್ತಿಸುತ್ತಾರೆ.

ಒಳನಾಡಿಗೆ ಸುಮಾರು 15 ಕಿಲೋಮೀಟರ್ ಹೋದರೆ ಲಾಹುಗಲ. ಒಣ ತಿಂಗಳುಗಳಲ್ಲಿ ಅಲ್ಲಿನ ಕೆರೆಯಲ್ಲಿ ಬೇರು ಎಂಬ ಹುಲ್ಲು ಮೇಯಲು ಆನೆಗಳು ಹಿಂಡಾಗಿ ಬರುತ್ತವೆ. ಕೆರೆ ರಸ್ತೆಯ ಪಕ್ಕದಲ್ಲೇ ಇರುವುದರಿಂದ ಎಷ್ಟೋ ಸಲ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಹತ್ತಿರದ ಮಗುಲ್ ಮಹಾ ವಿಹಾರದ ಚಂದ್ರಶಿಲೆಯ, ಅಂದರೆ ಮೆಟ್ಟಿಲ ಬುಡದ ಅರ್ಧಚಂದ್ರಾಕಾರದ ಕಲ್ಲಿನ ಮೇಲೆ ಕೆತ್ತಿದ ಆನೆಗಳ ಬೆನ್ನ ಮೇಲೆ ಮಾವುತರೂ ಇದ್ದಾರೆ. ಬೇರೆ ಕಡೆಯ ಚಂದ್ರಶಿಲೆಗಳಲ್ಲಿ ಆನೆಗಳುಂಟು, ಸವಾರರಿಲ್ಲ. ಬಗ್ಗಿ ನೋಡಿದರೆ ಬೆರಳಗಲದ ಆ ಮಾವುತರು ಸವೆದ ಕಲ್ಲಿನಲ್ಲಿ ಇನ್ನೂ ಕಾಣುತ್ತಾರೆ.

ದಕ್ಷಿಣಕ್ಕೆ ಪಾನಮ ದಾಟಿದರೆ ಡಾಂಬರು ಮುಗಿದು ಮಣ್ಣಿನ ರಸ್ತೆ. ಕುಡುಂಬಿಗಲದ ಬಂಡೆಗಳ ನಡುವೆ ಅರಣ್ಯವಾಸಿ ಭಿಕ್ಷುಗಳ ಗುಹೆಗಳು. ಬಂಡೆಯ ನೆತ್ತಿಗೆ ಹತ್ತಿದರೆ ಒಂದು ಕಡೆ ಕಾಡು, ಇನ್ನೊಂದು ಕಡೆ ಕಡಲು. ಅದರಾಚೆ ಒಕಂಡ, ಅಲ್ಲಿ ಮುರುಗನ ಗುಡಿ ಮತ್ತು ಕುಮನ ರಾಷ್ಟ್ರೀಯ ಉದ್ಯಾನದ ಬಾಗಿಲು. 1938ರಲ್ಲೇ ಪಕ್ಷಿಧಾಮವಾದ ಕುಮನ 2010ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಉದ್ಯಾನದ ಒಳಗೆ ಜೀಪಿಲ್ಲದೆ ಬಿಡುವುದಿಲ್ಲ, ವಿದೇಶಿಯರ ಪ್ರವೇಶ ಶುಲ್ಕ ಸ್ಥಳೀಯರಿಗಿಂತ ಎಷ್ಟೋ ಪಟ್ಟು ಹೆಚ್ಚು. ಪ್ರವಾಸದಲ್ಲಿ ಒಂದೇ ದಿನ ಕೈಬಿಚ್ಚಿ ಖರ್ಚು ಮಾಡುವುದಿದ್ದರೆ ಅದನ್ನು ಇಲ್ಲಿ, ನಾಲ್ಕೈದು ಜನ ಕೂಡಿ, ಮಾಡುವುದು ಸಾರ್ಥಕ.

ಜುಲೈ ಆಸುಪಾಸಿನಲ್ಲಿ ಇದೇ ರಸ್ತೆಯಲ್ಲಿ ಕತರಗಾಮದ ಪಾದಯಾತ್ರಿಗಳು ಸಿಗುತ್ತಾರೆ. ಜಾಫ್ನಾದ ಕಡೆಯಿಂದ ಹೊರಟು, ವಾರಗಟ್ಟಲೆ ಪೂರ್ವ ಕರಾವಳಿಯಲ್ಲಿ ನಡೆದು, ಪೊತ್ತುವಿಲ್ ಹಾದು ಒಕಂಡದಲ್ಲಿ ತಂಗುವ ಇವರು ಕಾಡಿನ ದಾರಿ ತೆರೆದ ಮೇಲೆ ಕುಮನ ಮತ್ತು ಯಾಲ ದಾಟಿ ಸ್ಕಂದನ ಸನ್ನಿಧಿ ಸೇರುತ್ತಾರೆ. ವಿಭೂತಿ ಧರಿಸಿ, ತಲೆಯ ಮೇಲೆ ಗಂಟು ಹೊತ್ತು, ಬರಿಗಾಲಲ್ಲಿ ನಡೆಯುವ ಮುದುಕಿಯರಿಗೆ ಊರಿನ ಮುಸ್ಲಿಂ ಅಂಗಡಿಯವರು ನೀರು ಕೊಡುವುದುಂಟು. ಸುಬ್ರಹ್ಮಣ್ಯನನ್ನು ಕುಕ್ಕೆ, ಘಾಟಿಗಳಲ್ಲಿ ಕಂಡ ಕನ್ನಡಿಗರಿಗೆ ಈ ಹಾದಿ ಅಪರಿಚಿತವೆನಿಸದು.

ಊರಿನ ರೀತಿನೀತಿಯ ಬಗ್ಗೆ ಒಂದೆರಡು ಮಾತು. ಉಲ್ಲೆ ಮತ್ತು ಪೊತ್ತುವಿಲ್ ಮುಸ್ಲಿಮರು ಹೆಚ್ಚಾಗಿರುವ, ಸಂಪ್ರದಾಯಸ್ಥ ಊರುಗಳು. ಈಜುಡುಗೆ ಮರಳಿನ ಮೇಲೆ ಸರಿ, ರಸ್ತೆಗೆ ಬರುವಾಗ ಮೈ ಮುಚ್ಚಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿಗಳು ಕೆಲಹೊತ್ತು ಮುಚ್ಚುತ್ತವೆ. ಮುಂಜಾನೆ ದಡದಲ್ಲಿ ಬಲೆ ಎಳೆಯುವವರ ಕೆಲಸದ ಜಾಗದಲ್ಲಿ ಟವೆಲ್ ಹಾಸಿ ಮಲಗಬಾರದು. ಮಾದೆಲ್ ಎಂಬ ಆ ಬಲೆ ನಮ್ಮ ರಂಪಣಿಯದೇ ಬಗೆ: ದೋಣಿ ಕಡಲಲ್ಲಿ ಅರ್ಧವೃತ್ತವಾಗಿ ಬಲೆ ಬಿಟ್ಟು ಬರುತ್ತದೆ, ದಡದಲ್ಲಿ ಎರಡು ಸಾಲು ಜನ ಹಾಡು ಹೇಳುತ್ತ ಹಗ್ಗ ಎಳೆಯುತ್ತಾರೆ. ಕತ್ತಲಾದ ಮೇಲೆ ಪಾನಮದ ರಸ್ತೆಯಲ್ಲಿ ಬಾಡಿಗೆ ಸ್ಕೂಟರ್ ಓಡಿಸಬಾರದು, ಆನೆಗಳು ಅಡ್ಡ ಬರುವ ಹೊತ್ತದು.

ಅಕ್ಟೋಬರ್ ಕೊನೆಗೆ ಗಾಳಿ ತಿರುಗುತ್ತದೆ. ದಕ್ಷಿಣದ ಅಲೆ ಇಳಿದು, ಈಶಾನ್ಯದ ಮಳೆ ಬಂದು ಕೊಲ್ಲಿಯ ಅಲೆ ಒರಟಾಗುತ್ತದೆ. ಅತಿಥಿಗೃಹಗಳಲ್ಲಿ ಹೆಚ್ಚಿನವು ಬಾಗಿಲು ಹಾಕುತ್ತವೆ, ಕೆಫೆಗಳ ಕುರ್ಚಿ ಮೇಜು ಒಳಗೆ ಸೇರುತ್ತವೆ. ಕಲಿಸುವ ಹುಡುಗರಲ್ಲಿ ಹಲವರು ಬೋರ್ಡ್ ಕಟ್ಟಿಕೊಂಡು ದಕ್ಷಿಣ ದಡದ ವೆಲಿಗಾಮ, ಮಿರಿಸ್ಸ, ಹಿಕ್ಕಡುವ ಕಡೆ ಹೊರಡುತ್ತಾರೆ, ಅಲ್ಲಿನ ಋತು ನವೆಂಬರ್‌ನಿಂದ ಏಪ್ರಿಲ್. ಉಳಿದವರು ಮೀನಿಗೆ, ಗದ್ದೆಗೆ ಹೋಗುತ್ತಾರೆ. ಪೊತ್ತುವಿಲ್ ಸುತ್ತಿನ ಬತ್ತದ ದೊಡ್ಡ ಬೆಳೆ ಈ ಮಳೆಯದೇ. ಮಾರ್ಚ್‌ನಲ್ಲಿ ಕಬಾನಾಗಳಿಗೆ ಹೊಸ ಗರಿ ಹೊದಿಸುವ ಕೆಲಸ ಶುರುವಾಗುತ್ತದೆ, ಏಪ್ರಿಲ್ ನಡುವಿನಲ್ಲಿ ಸಿಂಹಳ ಮತ್ತು ತಮಿಳು ಹೊಸವರ್ಷ ಮುಗಿದ ಮೇಲೆ ಕೊಲಂಬೊ ಬಸ್ಸಿನ ತಲೆಯ ಮೇಲೆ ಮತ್ತೆ ಬೋರ್ಡುಗಳು ಕಾಣತೊಡಗುತ್ತವೆ.